ದೊರೆಗೆ ತಪ್ಪುಗಾಣಿಕೆ

ಮಿಡಿಗೇಶಿ ಬೆಟ್ಟದ ಬುಡದಲ್ಲಿ, ಯಾವನೋ ಇಂಗ್ಲಿಷ್ ದೊರೆಯದೆಂದು ಜನ ದೊರೆಗೋರಿ ಎಂದು ಕರೆಯುವ ಹಳೆಯ ಸಮಾಧಿಯಿಂದ ಪಾಲಪ್ಪ ಒಂದು ಚಪ್ಪಡಿ ಎತ್ತಿ ತಂದದ್ದೇ ಎಲ್ಲಕ್ಕೂ ಮೂಲ. ಬಟ್ಟೆ ಒಗೆಯಲು ಕಲ್ಲಿಲ್ಲವೆಂದು ಹೆಂಡತಿ ಚಿಕ್ಕಕ್ಕ ವರ್ಷದಿಂದ ಗೊಣಗುತ್ತಿದ್ದಳು. ಕಲ್ಲು ಹಿತ್ತಿಲಿಗೆ ಬಂದ ಸಂಜೆಯೇ ಗೊಣಗು ನಿಂತಿತು; ಜೊತೆಗೆ ಮಾತೂ ನಿಂತಿತು. ಅವಳು ಬಾಯಿ ತೆರೆದರೆ ಶಬ್ದವಿಲ್ಲ, ಬರೀ ಸುರುಟಿನ ಹೊಗೆಯ ವಾಸನೆ.

ಆ ರಾತ್ರಿ ಪಾಲಪ್ಪ ಹಾಯಾಗಿ ಮಲಗಿದ. ಬೆಳಗಾಗುವ ಹೊತ್ತಿಗೆ ಮನೆಯ ಮೌನ ಹಾಳುಬಾವಿಯಂತೆ ಅವನನ್ನೇ ಇಣುಕಿ ನೋಡತೊಡಗಿತು.

ಪಕ್ಕದ ಮನೆಯ ಸರಸಮ್ಮ ಬಂದು ಮೂಗಿನ ಮೇಲೆ ಬೆರಳಿಟ್ಟಳು. "ದೊರೆ ಮುನ್ಸ್ಕಂಡವ್ನೆ ಕಣಪ್ಪ! ಕಲ್ಲು ಮಡುಗಿ, ತಪ್ಪುಗಾಣಿಕೆ ಇಟ್ಬುಟ್ಟು ಬಾ. ಸೂರ್ಯ ನೆತ್ತಿಗ್ ಬರೋ ಹೊತ್ಗೆ ಒಬ್ನೇ ಹೋಗ್ಬೇಕು. ಏನ್ ಕೊಡ್ತಿದೀನಿ ಅಂತ ಅವನ ಬಾಸೇಲೇ ಹೇಳ್ಬೇಕು. ಇಲ್ದಿದ್ರೆ ಇವ್ಳು ಇಂಗೇ ಮೂಗಿಯಾಗೋಯ್ತಾಳೆ."

ದುಡ್ಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ಮಧುಗಿರಿ ಕಚೇರಿಯ ಮುಂದೆ ಅರ್ಜಿ ಬರೆದು ಬರೆದು ಮುದುಕರಾಗಿ ಊರಿಗೆ ಮರಳಿದ್ದ ನಾಗಲಿಂಗಯ್ಯನವರ ಜಗಲಿಗೆ ಪಾಲಪ್ಪ ಓಡಿದ.

"ಮನಿ," ಎಂದರು ನಾಗಲಿಂಗಯ್ಯ, ಮಂತ್ರೋಪದೇಶ ಮಾಡುವವರಂತೆ ಕಣ್ಣುಮುಚ್ಚಿ.

ಅಲ್ಲೇ ಬೀಡಿ ಸೇದುತ್ತಿದ್ದ ಪೆದ್ದಣ್ಣ ಕಿಸಕ್ಕೆಂದ. ಅವನು ಮಹಾಯುದ್ಧದಲ್ಲಿ ಬಸ್ರಾ ನೋಡಿ ಬಂದವನು. "ಮನಿ ಪುಸ್ತಕದ್ದು ಸ್ವಾಮಿ! ಬಿಳೀ ಸೋಲ್ಜರ್‌ಗಳ ಜೊತೆ ಹೇಸರಗತ್ತೆ ಮೇಯ್ಸಿದೀನಿ ನಾನು. ಅವ್ರು ಅವ್ರವ್ರಲ್ಲಿ ಕ್ವಿಡ್ ಅಂತಾರೆ. ಮನಿ ಅಂದ್ರೆ, ಕಂದಾಯದೋನು ಬಂದ ಅಂತ ದೊರೆ ಇನ್ನೂ ಒಳಕ್ಕಿಳೀತಾನೆ!"

"ಲೇ, ಮಲಗಿರೋನು ಕ್ಯಾಪ್ಟನ್ ಆಗಿದ್ರೆ? ಬೀದಿಮಾತು ಕೇಳಿದ್ರೆ ಇವನ ನಾಲಗೇನೂ ಕಿತ್ಕೋತಾನೆ!"

"ಬರೀ ಸಿಪಾಯಿ ಆಗಿದ್ರೆ?"

ಸತ್ತವನ ದರ್ಜೆ ಇತ್ಯರ್ಥವಾಗಲಿಲ್ಲ. ಸೂರ್ಯನೂ ಕಾಯಲಿಲ್ಲ. ಪಾಲಪ್ಪ ಚಪ್ಪಡಿ ಹೊತ್ತು, ಒಂದು ಹೆಜ್ಜೆಗೆ ಮನಿ, ಮುಂದಿನದಕ್ಕೆ ಕ್ವಿಡ್ ಎಂದು ಜಪಿಸುತ್ತ ನಡೆದ.

ಬೆಟ್ಟದ ಕೋಟೆಯ ಕೆಳಗೆ ಗಾಳಿ ಸತ್ತುಬಿದ್ದಿತ್ತು. ನಡುಹಗಲಿಗೆ ಮರಗಳೇ ತಮ್ಮ ನೆರಳನ್ನು ನುಂಗಿಕೊಂಡಿದ್ದವು. ಗೋರಿಯ ಪಕ್ಕದಲ್ಲಿ ಮಾತ್ರ ಒಂದು ನೆರಳು ಕುಕ್ಕರಗಾಲಲ್ಲಿ ಕೂತಿತ್ತು. ಅದಕ್ಕೆ ಮೈಯಿರಲಿಲ್ಲ.

ಪಾಲಪ್ಪ ಕಲ್ಲನ್ನು ಇಳಿಸಿ, ಅದರ ಮೇಲೊಂದು ಬೆಳ್ಳಿ ರೂಪಾಯಿ ಇಟ್ಟ. ಆಯ್ಕೆ ಮಾಡುವಷ್ಟು ಉಸಿರೇ ಉಳಿದಿರಲಿಲ್ಲ. "ಮನಿ! ದೊರೇ, ಕ್ವಿಡ್! ಮನಿ, ಕ್ವಿಡ್, ಮನಿ!"

ನೆರಳು ಅಲುಗಿತು. ಸುರುಟಿನ ಹೊಗೆ ಅವನ ಕತ್ತಿನ ಹಿಂದೆ ತಣ್ಣಗೆ ಸುಳಿಯಿತು.

"ನಾಕು ಇಂಗ್ಲೀಸು ರಾದು, ನಾಯನಾ," ಎಂದಿತು ಮುದಿ ದನಿಯೊಂದು.

ಪಾವಗಡದ ಕಡೆಯ ತೆಲುಗು: ನನಗೆ ಇಂಗ್ಲಿಷ್ ಬರೋದಿಲ್ಲಪ್ಪ ಅಂತ. ಪಾಲಪ್ಪನಿಗೆ ಅದು ಅರ್ಥವಾಗುತ್ತಿತ್ತು; ಅದೇ ಕಷ್ಟವಾಯಿತು. ಇಲ್ಲಿ ಮಲಗಿರುವುದು ದೊರೆಯಲ್ಲವಂತೆ, ದೊರೆಯ ಅಡುಗೆಯವನಂತೆ. ದೊರೆ ಆಚೆ ಬಂಡೆಯ ಕೆಳಗಿದ್ದಾನಂತೆ. ಬಾಕಿ ಸಂಬಳ ಕೇಳೋಣವೆಂದರೆ ಅವನಿಗೆ ತೆಲುಗು ಬಾರದು, ಇವನಿಗೆ ಇಂಗ್ಲಿಷ್ ಬಾರದು. ಸತ್ತಮೇಲೂ ಇಬ್ಬರೂ ಮುಖ ಮುಖ ನೋಡಿಕೊಂಡು ಕೂತಿದ್ದಾರಂತೆ. ಅದಕ್ಕೇ ಚಿಕ್ಕಕ್ಕನ ನಾಲಗೆಯನ್ನು ಎರವಲು ತಂದು ಹುಡುಕಿದನಂತೆ. ಅಷ್ಟು ಮಾತಿನ ನಡುವೆ ಇಂಗ್ಲಿಷೊಂದೇ ಇರಲಿಲ್ಲವಂತೆ.

"ನೀನು ಎರಡು ಮಾತು ಹೇಳ್ದೆ," ಎಂದಿತು ದನಿ, ಅವನ ಕಿವಿಗೆ ಇನ್ನಷ್ಟು ಹತ್ತಿರವಾಗಿ, ತನ್ನ ತೆಲುಗಿನಲ್ಲೇ. "ದೊರೆ ಮುಂದೆ ಯಾವುದು ಚೆನ್ನ?"

ಪಾಲಪ್ಪ ಹಿಂತಿರುಗಿ ನೋಡದೆ, ಹಗ್ಗ ಹರಿದ ಹೋರಿಯಂತೆ ಮನೆ ಮುಟ್ಟಿದ.

"ಎಲ್ಲಿ ಹಾಳಾಗೋಗಿದ್ದೆ ಇಷ್ಟೊತ್ತು?" ಎಂದಳು ಚಿಕ್ಕಕ್ಕ.

ಅಂಥ ಇಂಪಾದ ಮಾತನ್ನು ಪಾಲಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ಊಟಕ್ಕೆ ಕೂತ. ಅವಳು ಇನ್ನೊಂದು ಎಲೆ ಹಾಕಿದಳು.

"ಇದು ಯಾರ್ಗೆ?"

"ನಿನ್ ಬೆನ್ನಿಂದೇನೇ ಬಂದ್ರಲ್ಲ, ಅವ್ರ್ಗೆ. ನಿನ್ತಾವ ಇಂಗ್ಲೀಸ್ ಕಲಿಯೋಗಂಟ ಇಲ್ಲೇ ಇರ್ತಾರಂತೆ." ಅವಳು ಖಾಲಿ ಬಾಗಿಲ ಕಡೆಗೆ ತಿರುಗಿ ಸೆರಗು ಸರಿಪಡಿಸಿಕೊಂಡಳು. "ನೋಡಲ್ಲಿ, ಗುರುಗಾಣಿಕೇನೂ ಮೊದ್ಲೇ ಮಡುಗವ್ರೆ."

ಹೊಸ್ತಿಲ ಮೇಲೆ ಅದೇ ಬೆಳ್ಳಿ ರೂಪಾಯಿ ತಣ್ಣಗೆ ಹೊಳೆಯುತ್ತಿತ್ತು.