ಹನ್ನೊಂದು ಮುದ್ರೆ ಬಿದ್ದ ಕಾರ್ಡು

ನೆರೆಮನೆಯವರ ಸಂಕಟವನ್ನು ನಗೆಯ ಕತೆ ಮಾಡಿ ಹೇಳುವುದು ಸರಿಯಲ್ಲವೆಂದು ನನಗೆ ಗೊತ್ತು. ಕತೆ ಹೇಳುವಷ್ಟು ಓದಿದವನೂ ನಾನಲ್ಲ. ಕಲಿತದ್ದೆಲ್ಲ ಸಂಜೆ ಶಾಲೆಯಲ್ಲಿ, ಅದೂ ಅರ್ಧ ತೂಕಡಿಸುತ್ತ. ಆದರೂ ಹೇಳದೆ ಇರಲಾರೆ. ಯಾಕೆಂದರೆ ಆ ಕಾರ್ಡಿನ ಮೇಲೆ ಬಿದ್ದ ಹನ್ನೊಂದು ಮುದ್ರೆಗಳಲ್ಲಿ ಒಂದು ನನ್ನದು. ಇಗುಚಿಯವರು ಕ್ಷಮಿಸಬೇಕು.

ಇಗುಚಿ ತಮೊತ್ಸು ನಮ್ಮೂರಿನ ಸೋಯಾ ಸಾಸ್ ಕಾರ್ಖಾನೆಯಲ್ಲಿ, ಶೀಶೆಗಳಿಗೆ ಚೀಟಿ ನೆಟ್ಟಗೆ ಅಂಟಿದೆಯೋ ಇಲ್ಲವೋ ನೋಡುವ ಕೆಲಸದವರು. ಇಡೀ ದಿನ ಒಂದೇ ಚೀಟಿಯನ್ನು ಓದಿ ಓದಿ, ಮನೆಗೆ ಬಂದಾಗ ಬೇರೆ ಏನನ್ನಾದರೂ ಓದದಿದ್ದರೆ ಅವರಿಗೆ ಉಸಿರು ಕಟ್ಟುತ್ತದೆ. ಹೊಸ ವರ್ಷ ಬಂತೆಂದರೆ, ಆ ವರ್ಷ ಬರಲಿರುವ ಕಾದಂಬರಿಗಳ ಪಟ್ಟಿ ಬರೆದು ಅಡುಗೆಮನೆಯಲ್ಲಿ ಅಂಟಿಸುತ್ತಾರೆ. ಈ ವರ್ಷದ ಪಟ್ಟಿಯಲ್ಲಿ ಒಂದೇ ಹೆಸರು: 'ಉಪ್ಪು ತೂಗುವವರು'. ಅವರ ಮೆಚ್ಚಿನ ಲೇಖಕಿ ಹನ್ನೊಂದು ವರ್ಷ ಸುಮ್ಮನಿದ್ದು, ಕೊನೆಗೆ ಬರೆದು ಮುಗಿಸಿದ ಎರಡು ಸಂಪುಟದ ಕಾದಂಬರಿ.

ಕೊಂಡುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುವ ಹಾಗಿರಲಿಲ್ಲ. ಅವರ ಪುಸ್ತಕಗಳ ಭಾರಕ್ಕೆ ಮಹಡಿಯ ನೆಲ ಗರ್ಭಿಣಿಯ ಹೊಟ್ಟೆಯ ಹಾಗೆ ಕೆಳಗೆ ಇಳಿದಿತ್ತು. ಬಡಗಿ ಬಂದು ನೋಡಿ, ಇಗುಚಿಯವರನ್ನಲ್ಲ, ಅವರ ಹೆಂಡತಿ ಫುಸಾಯೆಯನ್ನು ಪಕ್ಕಕ್ಕೆ ಕರೆದು ಮಾತಾಡಿದ್ದ. ಅಂದಿನಿಂದ ಮನೆಯ ಕಾನೂನು ಒಂದೇ: "ಇನ್ನೊಂದು ಪುಸ್ತಕ ಒಳಗೆ ಬಂದ್ರೆ, ನೀವು ಹೊರಗೆ." ಹಾಗಾಗಿ ಅವರು ಪಟ್ಟಣದ ಗ್ರಂಥಾಲಯದಲ್ಲಿ ಹೆಸರು ಬರೆಸಿ, ಸರದಿ ಹಿಡಿದು, ಏಳು ತಿಂಗಳು ಕಾದಿದ್ದರು.

ಆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಓಣಿಯ ಸುತ್ತೋಲೆಯ ಹಲಗೆ ಹನ್ನೊಂದು ಮನೆ ಸುತ್ತಿ ಇಗುಚಿಯವರ ಮನೆಗೆ ಮರಳಿತು. ಈ ವರ್ಷ ಓಣಿಯ ಮುಖ್ಯಸ್ಥರ ಪಾಳಿ ಅವರದೇ. ಚರಂಡಿ ತೊಳೆಯುವ ದಿನ, ಕಸ ಹಾಕುವ ವೇಳೆ ಇಂಥವನ್ನು ಹಲಗೆಗೆ ಸಿಕ್ಕಿಸಿ ಕಳಿಸುತ್ತಾರೆ. ನಾವು ಓದಿ, ಓದಿದ್ದಕ್ಕೆ ಮನೆಯ ಮುದ್ರೆ ಒತ್ತಿ, ಪಕ್ಕದ ಮನೆಗೆ ದಾಟಿಸುತ್ತೇವೆ. ಇಗುಚಿಯವರು ಹಲಗೆಯ ಕಾಗದ ತೆಗೆದರು. ಚರಂಡಿಯ ಸೂಚನೆಯ ಕೆಳಗೆ ಒಂದು ಅಂಚೆ ಕಾರ್ಡು ಇತ್ತು. ಅದರ ತುಂಬ ಕೆಂಪು ಮುದ್ರೆಗಳು, ಸಿಡುಬು ಎದ್ದ ಮುಖದ ಹಾಗೆ.

'ನೀವು ಕಾಯ್ದಿರಿಸಿದ ಉಪ್ಪು ತೂಗುವವರು' ಎಂದು ಓದಲು ಬಂತು. ಮುಂದಿನ ಅಕ್ಷರಗಳ ಮೇಲೆ ಹಲ್ಲಿನ ಡಾಕ್ಟರ ದೊಡ್ಡ ಮುದ್ರೆ ಕೂತಿತ್ತು. ಕೆಳಗೆ: 'ಬಂದಿದೆ. ಶನಿವಾರ ಸಂಜೆ ಐದರೊಳಗೆ ಒಯ್ಯದಿದ್ದರೆ ಮುಂದಿನವರಿಗೆ ಹೋಗುತ್ತದೆ.'

"ಫುಸಾಯೆ! ಇದು ಹಲಗೆಯೊಳಗೆ ಹೇಗೆ ಹೋಯ್ತು?"

"ಟಪಾಲಿನವನು ಎಲ್ಲಾ ಒಟ್ಟಿಗೆ ಕೊಟ್ಟ. ನಾನು ಒಟ್ಟಿಗೆ ಸಿಕ್ಕಿಸ್ದೆ," ಎಂದರು ಫುಸಾಯೆ ಮೂಲಂಗಿ ತುರಿಯುತ್ತ. "ಓದೋದು ನಿಮ್ಮ ಕೆಲ್ಸ ಅಲ್ವಾ?"

ಇಗುಚಿಯವರು ಸೈಕಲ್ ಹೊರಗೆ ಎಳೆದರು. ಬೀದಿಯಲ್ಲಿ ನಿವೃತ್ತ ಹೆಡ್‌ಮಾಸ್ತರ ನಗಾಹಾರ ಬೋನ್ಸಾಯ್ ಗಿಡಕ್ಕೆ ನೀರು ಬಿಡುತ್ತಿದ್ದರು.

"ಗ್ರಂಥಾಲಯಕ್ಕೆ ತಾನೇ? ಇವತ್ತು ಕೊನೇ ದಿನ ಕಣ್ರೀ, ಬೇಗ ಹೋಗಿ!"

"ನಿಮಗೆ ಗೊತ್ತಿತ್ತಾ, ಮೇಷ್ಟ್ರೇ?"

"ಹೋದ ಭಾನುವಾರವೇ ನೋಡಿ ಮುದ್ರೆ ಒತ್ತಿದೀನಿ."

"ಹಾಗಾದ್ರೆ ಒಂದು ಮಾತು ಹೇಳ್ಬಾರದಿತ್ತಾ? ಎದುರು ಮನೇಲೇ ಇದೀನಲ್ಲ!"

"ಹಲಗೆ ಸರದಿ ಪ್ರಕಾರ ಹೋಗ್ಬೇಕು. ನಡುವಿಂದ ಎತ್ತಿ ಕೊಡೋದು ಯಾವ ನ್ಯಾಯ? ನಾಳೆ ಎಲ್ಲರೂ ಹಾಗೇ ಮಾಡಿದ್ರೆ ಓಣಿ ಉಳಿಯುತ್ತಾ?" ಎಂದ ನಗಾಹಾರ, ಒಳಗೆ ಹೋಗಿ ಮೂರು ಪುಸ್ತಕ ತಂದರು. "ಹೇಗೂ ಹೋಗ್ತಿದೀರಿ, ಇವನ್ನೂ ವಾಪಸು ಕೊಟ್ಬಿಡಿ."

ಬೇಡ ಎನ್ನುವುದು ಇಗುಚಿಯವರಿಗೆ ಬರುವುದಿಲ್ಲ. ಆ ಪದ ಬಾಯಿಗೆ ಬರುವಷ್ಟರಲ್ಲಿ ಕೈ ಮುಂದೆ ಚಾಚಿರುತ್ತದೆ. ಹಲ್ಲಿನ ಡಾಕ್ಟರ ಹೆಂಡತಿ ಎರಡು ಅಡುಗೆ ಪುಸ್ತಕ ಕೊಟ್ಟರು. ನಾನೂ, ಹೇಳಲು ನಾಚಿಕೆ, ರೇಡಿಯೊ ರಿಪೇರಿಯ ಪುಸ್ತಕ ಒಂದನ್ನು ಕೊಟ್ಟೆ. ತಿರುವಿನಲ್ಲಿ ಉಮೆಕಾವ ಅಜ್ಜಿ ಮಾತ್ರ ಬಾಗಿಲು ಅರ್ಧ ತೆರೆದು, ಪಿಸುದನಿಯಲ್ಲಿ ಕರೆದಳು. ಕೈಯಲ್ಲಿ ನೀಲಿ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಗಂಟು.

"ಇಗುಚಿಯಣ್ಣ, ಇದೊಂದು ಕೊಟ್ಟು ಬಾಪ್ಪ. ಎರಡು ತಿಂಗಳು ತಡ ಆಗಿದೆ. ಮೂರು ಸಲ ಫೋನು ಮಾಡಿದ್ರು. ಹತ್ತು ಪುಟ ದಾಟೋಕಾಗ್ಲಿಲ್ಲ, ಆದ್ರೆ ಮಧ್ಯಾಹ್ನದ ನಿದ್ದೆಗೆ ದಿಂಬಿನ ಎತ್ತರ ಸರಿಯಾಗಿತ್ತು."

"ಆಗ್ಲಿ ಅಜ್ಜಿ, ಕೊಡ್ತೀನಿ."

"ಬಿಚ್ಚಿ ನೋಡ್ಬೇಡ. ನಂಗೆ ಮಾನ ಹೋದಂಗಾಗುತ್ತೆ."

"ಛೆ ಛೆ, ನೋಡ್ತೀನಾ?"

ನೋಡಲಿಲ್ಲ. ಅವರು ಅಂಥವರೇ.

ಸೈಕಲ್ಲಿನ ಬುಟ್ಟಿ ಮುಂದಕ್ಕೆ ವಾಲಿತು. ರೈಲ್ವೆ ಗೇಟಿನಲ್ಲಿ ಸರಕುಗಾಡಿಯೊಂದು, ಮದುವೆಗೆ ಹೊರಟ ಮುದುಕರ ಹಾಗೆ, ನಿಂತು ನಿಂತು ದಾಟಿತು. ಗೇಟು ತೆಗೆಯುವಾಗ ನಾಲ್ಕೂಕಾಲು. ಸೇತುವೆಯ ಏರಿನಲ್ಲಿ ಹಿಂದಿನ ಚಕ್ರದ ಗಾಳಿ ಹೋಯಿತು. ಸೈಕಲ್ಲನ್ನು ಮೀನಿನ ಅಂಗಡಿಯ ಮುಂದೆ ನಿಲ್ಲಿಸಲು ಹೋದರೆ ಅಂಗಡಿಯವನು ಕೂಗಿದ: "ಅಲ್ಲಿ ಬೇಡ ಸ್ವಾಮಿ, ಐಸ್ ಲಾರಿ ಬರುತ್ತೆ!" ಕೊನೆಗೆ ಸೈಕಲ್ಲನ್ನು ಸೇತುವೆಯ ತಡೆಗೋಡೆಗೆ ಒರಗಿಸಿ, ಆರು ಪುಸ್ತಕ ಎದೆಗವಚಿಕೊಂಡು, ಗಂಟನ್ನು ಹಲ್ಲಲ್ಲಿ ಕಚ್ಚಿಕೊಂಡು ಓಡಿದರು. ಎದುರು ಬಂದ ಒಬ್ಬಳು ತಾಯಿ ಮಗುವನ್ನು ಬೇರೆ ಬದಿಗೆ ಎಳೆದುಕೊಂಡಳು.

ಗ್ರಂಥಾಲಯದ ಬಾಗಿಲು ದಾಟಿದಾಗ ನಾಲ್ಕು ಗಂಟೆ ಐವತ್ತೊಂದು ನಿಮಿಷ. ಒಳಗೆ ಮುಚ್ಚುವ ವೇಳೆಯ ಮೆಲ್ಲನೆಯ ಸಂಗೀತ ಆಗಲೇ ಶುರುವಾಗಿತ್ತು. ಕೌಂಟರಿನಲ್ಲಿ ಕಿವಿಯೋಲೆ ಇಲ್ಲದ, ನಗು ಮಾತ್ರ ಇದ್ದ ಒಬ್ಬ ಹುಡುಗಿ.

"ಮೊದ್ಲು ವಾಪಸಿನವು ಕೊಡಿ, ಸರ್."

ಇಗುಚಿಯವರು ಎಲ್ಲವನ್ನೂ ಇಟ್ಟರು. ಗಂಟನ್ನು ಬಿಚ್ಚದೆ ಹಾಗೆಯೇ ದೂಡಿ, ಮುಖ ಗೋಡೆಗೆ ತಿರುಗಿಸಿ ನಿಂತರು. ಅಜ್ಜಿಯ ಮಾನ ಮುಖ್ಯ. ಬೆನ್ನ ಹಿಂದೆ ಯಂತ್ರ ಏಳು ಸಲ ಕೂಗಿತು.

"ಈಗ ನಿಮ್ಮದು." ಹುಡುಗಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಬಿಳಿ ರಟ್ಟು, ಕಡಲಿನ ಚಿತ್ರ. ಏಳು ತಿಂಗಳ ಆಸೆ ಅಂಗೈಗೆ ಬಂತು. ಕಣ್ಣು ಒದ್ದೆಯಾದುದರಿಂದ ಬೆನ್ನಿನ ಮೇಲಿನ ಅಕ್ಷರ ಕಾಣಲು ಸ್ವಲ್ಪ ತಡವಾಯಿತು.

ಎರಡನೇ ಸಂಪುಟ.

"ಮಗಳೇ, ಇದು ಎರಡನೇದು. ಮೊದಲನೇದು ಎಲ್ಲಿ?"

ಹುಡುಗಿ ಅವರ ಹಳೆಯ ಅರ್ಜಿ ಹುಡುಕಿ ತೆಗೆದಳು. "ಎರಡೂ ಕೇಳಿದೀರಿ ಸರ್. ಆದ್ರೆ 'ಕ್ರಮವಾಗಿ ಬೇಕು' ಅನ್ನೋ ಚೌಕದಲ್ಲಿ ಗುರುತು ಹಾಕಿಲ್ಲ."

"ನೋಡಿದ್ದೆ. ಅಷ್ಟೆಲ್ಲ ಕೇಳಿ ನಿಮಗ್ಯಾಕೆ ತೊಂದರೆ ಕೊಡೋದು ಅಂತ ಬಿಟ್ಟೆ."

"ಅಯ್ಯೋ. ಎರಡನೇದಕ್ಕೆ ಸರದಿ ಚಿಕ್ಕದು, ಬಹಳ ಜನ ಮೊದಲನೇದು ಓದಿ ಆಮೇಲೆ ಕೇಳ್ತಾರೆ. ಮೊದಲನೇದಕ್ಕೆ ನಿಮ್ಮ ಮುಂದೆ ಇನ್ನೂ ಎಂಬತ್ತೇಳು ಜನ ಇದಾರೆ. ನಮ್ಮತ್ರ ಇರೋದು ಮೂರೇ ಪ್ರತಿ. ಒಂದು ವರ್ಷದ ಮೇಲಾಗುತ್ತೆ."

"ಇದನ್ನ ಅಲ್ಲೀವರೆಗೆ ಇಟ್ಕೋಬಹುದಾ?"

"ಹದಿನಾಲ್ಕು ದಿನ. ಮತ್ತೆ ಸರದಿ ಕೊನೆಗೆ." ಅವರ ಮುಖ ನೋಡಿ ಅವಳಿಗೆ ಪಾಪವೆನಿಸಿರಬೇಕು. "ಬೇಜಾರು ಮಾಡ್ಕೋಬೇಡಿ ಸರ್, ಕಳೆದೇಹೋಗಿದ್ದ ಒಂದು ಪ್ರತಿ ಈಗಷ್ಟೇ ಸಿಕ್ತು. ನೀವೇ ತಂದ್ರಲ್ಲ, ನೀಲಿ ಬಟ್ಟೇಲಿ."

ಇಗುಚಿಯವರು ಕೌಂಟರಿನ ಆಚೆ ನೋಡಿದರು. ಹಲ್ಲಲ್ಲಿ ಕಚ್ಚಿ ತಂದ ಗಂಟು! ದವಡೆ ಇನ್ನೂ ನೋಯುತ್ತಿತ್ತು. ವಾಪಸು ಬಂದ ಪುಸ್ತಕಗಳ ತಳ್ಳುಗಾಡಿಯ ಮೇಲೆ, ಕೈಗೆಟಕುವಷ್ಟು ಹತ್ತಿರ, ಬಿಳಿ ರಟ್ಟಿನ ಇನ್ನೊಂದು ಪುಸ್ತಕ ಮಲಗಿತ್ತು. ಮೇಲೆ ಆಗಲೇ ಹಳದಿ ಚೀಟಿ: 'ಮುಂದಿನವರಿಗೆ'.

"ಮುಚ್ಚೋದಕ್ಕೆ ಇನ್ನೂ ನಾಲ್ಕು ನಿಮಿಷ ಇದೆ," ಎಂದರು ತೊದಲುತ್ತ. "ಇಲ್ಲೇ ನಿಂತು, ಮೊದಲ ಪುಟ ಮಾತ್ರ..."

"ಚೀಟಿ ಬಿದ್ದ ಮೇಲೆ ಆಗಲ್ಲ ಸರ್. ಸರದಿ."

ಎರಡನೇ ಸಂಪುಟ ಬೇಡವೆಂದು ಬಿಟ್ಟು ಬರಬಹುದಿತ್ತು. ಆದರೆ ಒಂದು ವಾರ ಎತ್ತಿಟ್ಟವರಿಗೆ ಹಾಗೆ ಹೇಳುವುದು ಹೇಗೆ? ತಲೆ ಬಾಗಿಸಿ, ಎರಡು ಸಲ ಧನ್ಯವಾದ ಹೇಳಿ, ಚಪ್ಪಟೆ ಚಕ್ರದ ಸೈಕಲ್ಲನ್ನು ತಳ್ಳಿಕೊಂಡು ಬಂದರು.

ಓಣಿಯ ಬಾಯಲ್ಲಿ ನಾವೆಲ್ಲ ಚರಂಡಿಯ ಸಲಿಕೆ ಹಂಚಿಕೊಳ್ಳುತ್ತ ನಿಂತಿದ್ದೆವು. "ಸಿಕ್ತಾ?" ಎಂದು ಒಟ್ಟಿಗೆ ಕೇಳಿದೆವು.

"ಎರಡನೇದು ಸಿಕ್ತು," ಎಂದರು ಇಗುಚಿಯವರು.

"ಅದೇ ಅಲ್ವಾ ಕಾರ್ಡಲ್ಲಿ ಇದ್ದದ್ದು?" ಎಂದರು ಹಲ್ಲಿನ ಡಾಕ್ಟರು. "ಮುದ್ರೆ ಒತ್ತೋ ಮುಂಚೆ ಪೂರ್ತಿ ಓದಿದ್ದೆ. ಮೊದಲನೇದು ಮುಗಿಸಿಬಿಟ್ಟಿದಾರೆ, ಭಾಗ್ಯವಂತರು ಅಂದ್ಕೊಂಡೆ."

ಎಲ್ಲರೂ ಹಾಗೆಯೇ ಅಂದುಕೊಂಡಿದ್ದೆವು.

ಅಷ್ಟರಲ್ಲಿ ನಗಾಹಾರ ಮೇಷ್ಟ್ರು ಮನೆಯಿಂದ ಹೆಚ್ಚುಕಡಿಮೆ ಕುಣಿಯುತ್ತಲೇ ಬಂದರು. ಎಪ್ಪತ್ತನಾಲ್ಕು ವಯಸ್ಸಿನ ಅವರನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ.

"ಇಗುಚಿಯವ್ರೇ, ಈಗ ಗ್ರಂಥಾಲಯದಿಂದ ಫೋನು! ಯಾರೋ ಪುಣ್ಯಾತ್ಮರು ಕಳೆದ ಪ್ರತಿ ತಂದುಕೊಟ್ರಂತೆ. ಮೊದಲನೇ ಸಂಪುಟ ನನಗೇ ಬಂತು ಕಣ್ರೀ!"

ಇಗುಚಿಯವರ ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. "ಮೇಷ್ಟ್ರೇ, ನೀವು ಓದಿದ ಮೇಲೆ ಎರಡೇ ದಿನ ನನಗೆ..."

"ಒಬ್ಬರ ಹೆಸರಲ್ಲಿ ತಂದದ್ದನ್ನ ಇನ್ನೊಬ್ಬರಿಗೆ ಕೊಡೋದಾ? ನೀವೇ ಓಣಿಯ ಮುಖ್ಯಸ್ಥರು, ನೀವೇ ಹೀಗಂದ್ರೆ ಹೇಗೆ?" ಮೇಷ್ಟ್ರು ಅವರ ಭುಜ ತಟ್ಟಿದರು. "ಅಂದ ಹಾಗೆ, ಎರಡನೇದು ತಡ ಮಾಡ್ಬೇಡಿ. ನಿಮ್ಮ ಹಿಂದೆ ಸರದಿಯಲ್ಲಿ ಇರೋದು ನಾನೇ. ನಾನು ಚೌಕದಲ್ಲಿ ಗುರುತು ಹಾಕಿದ್ದೆ."

ಹದಿನಾಲ್ಕನೆಯ ದಿನ ಇಗುಚಿಯವರು ಪುಸ್ತಕವನ್ನು ಹಿಂದಿರುಗಿಸಿದರು. ಅಷ್ಟು ದಿನ ಅದನ್ನು ತೆರೆಯದೆ ಇಟ್ಟರೋ, ಆಸೆ ತಡೆಯದೆ ಕೊನೆಯಿಂದ ಓದಿದರೋ, ನನಗೆ ಗೊತ್ತಿಲ್ಲ. ಕೇಳಬೇಕೆಂದು ಎರಡು ಸಲ ಅವರ ಬಾಗಿಲವರೆಗೆ ಹೋದೆ. ಕೇಳಲು ಬಾಯಿ ಬರಲಿಲ್ಲ.