ನಮ್ಮತ್ತೆಯನ್ನು ನಲವತ್ತೆರಡು ಸಲ ಕೊಂದವನು

೨೦೦೧, ಏಪ್ರಿಲ್ ೧೪, ಶನಿವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇದು ಶುರುವಾಯಿತು ಎಂದು ನನ್ನ ಡೈರಿಯಲ್ಲಿದೆ. ಅಲ್ಲಿಂದ ಮುಂದಿನ ಮೂರೂವರೆ ವಾರಗಳಲ್ಲಿ ನಮ್ಮತ್ತೆ ಒಬ್ಬನೇ ರಾಕ್ಷಸನ ಕೈಯಲ್ಲಿ ನಲವತ್ತೆರಡು ಸಲ ಸತ್ತರು. ಈಗಲೂ ಬೆಳಿಗ್ಗೆ ಮೂರು ರಾಗಿ ರೊಟ್ಟಿ ತಿನ್ನುತ್ತಾರೆ!

ನಂಬುವುದು ಕಷ್ಟ. ನನಗೂ ಕಷ್ಟವಾಗಿತ್ತು. ಆದರೆ ಪ್ರತಿ ಸಾವಿಗೂ ನನ್ನಲ್ಲಿ ದಿನಾಂಕ, ಗಂಟೆ, ಕಾರಣ ಎಲ್ಲವೂ ಉಂಟು.

ಅತ್ತೆ ನಮ್ಮಪ್ಪನ ಅಕ್ಕ. ಕೊಳ್ಳೇಗಾಲದ ನಮ್ಮ ಮನೆಯಲ್ಲೇ ಇರುವವರು. ಆಗ ಐವತ್ತೆಂಟು ವಯಸ್ಸು. ನಲವತ್ತು ವರ್ಷದಿಂದ ಅವರ ಕಸುಬು ಅಚ್ಚು ಕೆಚ್ಚುವುದು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ರೇಷ್ಮೆ ಮುಗಿಯುತ್ತ ಬಂದಾಗ, ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಎಳೆಯ ತುದಿ ಸೇರಿಸಿ, ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಒಂದು ಮಾಡಬೇಕು. ಒಂದು ಅಚ್ಚಿಗೆ ಸಾವಿರಾರು ಎಳೆ. ನಾವು ಒಂದು ಎಳೆ ಹುಡುಕುವಷ್ಟರಲ್ಲಿ ಅತ್ತೆ ಹತ್ತು ಹೊಸೆದು, ಹನ್ನೊಂದನೆಯದಕ್ಕೆ ಕೈ ಹಾಕಿ, ನಮ್ಮನ್ನೂ ಬೈದಿರುತ್ತಿದ್ದರು.

ಅಂಥ ಹೆಬ್ಬೆರಳಿಗೆ ಒಂದು ವಿಡಿಯೋ ಗೇಮು ಸಿಕ್ಕಿದರೆ ಏನಾಗಬೇಡ?

ಗೇಮನ್ನು ಮೈಸೂರಿನಿಂದ ತಂದವನು ನಮ್ಮಣ್ಣ. ಟಿ.ವಿ.ಗೆ ಸಿಕ್ಕಿಸುವ ಒಂದು ಡಬ್ಬ, ಮೇಲೆ ಸಿಕ್ಕಿಸುವ ಒಂದು ಕ್ಯಾಸೆಟ್ಟು, ಗುಂಡಿಗಳಿರುವ ಒಂದು ರಿಮೋಟು. ಕ್ಯಾಸೆಟ್ಟಿನ ಮೇಲೆ ಹುಲಿಯ ಚಿತ್ರವಿತ್ತು. ಒಳಗೆ ಹುಲಿ ಇರಲಿಲ್ಲ. ಒಬ್ಬ ಸಿಪಾಯಿ ಬಂದೂಕು ಹಿಡಿದು ಓಡುತ್ತಿದ್ದ. ಒಂದೊಂದು ಹಂತದ ಕೊನೆಗೂ ಅವನಿಗೆ ಒಬ್ಬ ದೈತ್ಯ ಎದುರಾಗುತ್ತಿದ್ದ. ಆ ದೈತ್ಯನಿಗೆ ಬಾಸ್ ಎನ್ನಬೇಕಂತೆ. ಅಣ್ಣ ವಾರವಿಡೀ ಆಡಿದರೂ ಮೊದಲನೇ ಬಾಸನ್ನೇ ದಾಟಿರಲಿಲ್ಲ. ಅದೊಂದು ಹದ್ದು.

ಆ ಶನಿವಾರ ಹದ್ದು ಬರುವ ಹೊತ್ತಿಗೆ ಸರಿಯಾಗಿ ಅಮ್ಮ ಉಪ್ಪಿಟ್ಟಿಗೆ ಕರೆದರು.

"ಅತ್ತೆ, ಒಂದ್ನಿಮಿಷ ಇದ ಇಡ್ಕಳಿ," ಎಂದು ಅಣ್ಣ ರಿಮೋಟನ್ನು ಅತ್ತೆಯ ಕೈಗೆ ತುರುಕಿ ಹೋದ.

ಅವನು ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ಹದ್ದು ಸತ್ತಿತ್ತು.

"ಏನತ್ತೆ ಮಾಡುದ್ರಿ?"

"ಕೋಳಿಮರಿಗೆ ಬರೋ ಅದ್ದ ಎಷ್ಟ್ ಓಡ್ಸಿಲ್ಲ ನಾನು? ಉಶ್ ಅಂದೆ, ಗುಂಡಿ ಒತ್ತಿದೆ, ಬಿತ್ತು. ಮುಂದಿಂದು ಯಾವ್ದ್ಲಾ?"

ಅಣ್ಣ ಅಲ್ಲೇ ಕುಸಿದು ಕುಳಿತ. ನಾನು ಡೈರಿ ತೆಗೆದೆ.

ಎರಡನೇ ಬಾಸ್ ಒಂದು ಯುದ್ಧದ ಟ್ಯಾಂಕು. "ಕುಂತೂರ್ ಕಡೆ ಕಬ್ ಒಡಿಯೋ ಟ್ಯಾಕ್ಟ್ರು ಇದ್ಕಿಂತ ಜೋರಾಗ್ ಬತ್ತದೆ," ಎಂದು ನಾಲ್ಕು ನಿಮಿಷದಲ್ಲಿ ಮುಗಿಸಿದರು. ಮೂರನೆಯದು ಕತ್ತಿ ಹಿಡಿದ ಅವಳಿ ಜವಳಿ. ಒಬ್ಬನನ್ನು ಕೊಂದರು, ಇನ್ನೊಬ್ಬನ ಎದುರು ರಿಮೋಟು ಇಳಿಸಿಬಿಟ್ಟರು! "ಅಣ್ತಮ್ಮ ಕಣವ್ವ. ಒಬ್ನ ಕಳ್ಕಂಡವ್ನೆ, ಬುಡು ಪಾಪ." ಆ ಪಾಪದವನು ಮರುಕ್ಷಣವೇ ಅತ್ತೆಯ ಸಿಪಾಯಿಯ ತಲೆ ಹಾರಿಸಿದ. "ಥೂ ಕುಲಗೆಟ್ಟೋನೆ!" ಎಂದು ಸೆರಗು ಬಿಗಿದವರು ಮತ್ತೆ ಯಾರಿಗೂ ಕರುಣೆ ತೋರಲಿಲ್ಲ. ನಾಲ್ಕು, ಐದನೆಯವರು ಯಾರು ಎಂದು ಬರೆದುಕೊಳ್ಳುವ ಮೊದಲೇ ಸತ್ತಿದ್ದರು.

ನಡುವೆ ಒಂದು ಅಪಘಾತವನ್ನೂ ಹೇಳಬೇಕು. ಕ್ಯಾಸೆಟ್ಟು ಒಮ್ಮೊಮ್ಮೆ ಹಿಡಿಯುತ್ತಿರಲಿಲ್ಲ. ಆಗ ಅಣ್ಣ ಅದರ ಬಾಯಿಗೆ ಉಫ್ ಎಂದು ಊದುತ್ತಿದ್ದ. "ಊದೋದಾದ್ರೆ ಸರೀಗ್ ಊದ್ಬೇಕು," ಎಂದು ಅತ್ತೆ ಅಡುಗೆಮನೆಯ ಊದುಗೊಳವೆ ತಂದು, ಕೆನ್ನೆ ಉಬ್ಬಿಸಿ, ಡಬ್ಬದ ಬಾಯಿಗೇ ಊದಿದರು. ಕೊಳವೆಯೊಳಗಿದ್ದ ಒಲೆಯ ಬೂದಿಯೆಲ್ಲ ಒಳಕ್ಕೆ! ಗೇಮಿಗೆ ಎರಡು ದಿನ ರಜೆ. ಅಣ್ಣ ಅದನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದ. ಯಾರ ಬ್ರಷ್ಷು ಎಂದು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಬಂದ, ಆರನೇ ಹಂತದವನು.

ಪರದೆ ಪೂರ್ತಿ ಕಪ್ಪಾಯಿತು. ಸಂಗೀತ ನಿಂತಿತು. ಢಂ, ಢಂ, ಢಂ ಎಂದು ಎದೆಗೆ ಗುದ್ದುವ ಸದ್ದು. ಎಂಟು ಕೈಗಳ, ಏಡಿಯಂಥ ಒಂದು ಆಕೃತಿ ಮೇಲಿನಿಂದ ಇಳಿದು ಅರ್ಧ ಟಿ.ವಿ. ತುಂಬಿಕೊಂಡಿತು. ನನ್ನ ಕೈಯಿಂದ ಪೆನ್ನು ಬಿತ್ತು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ, "ಎಂಟ್ ಕೈ ಅದೆ, ಒಂದ್ ಕೆಲ್ಸ ಇಲ್ಲ," ಎಂದರು.

ಹನ್ನೊಂದು ಸೆಕೆಂಡಿನಲ್ಲಿ ಸತ್ತರು.

ಮತ್ತೆ ಆಡಿದರು, ಸತ್ತರು. ಅವನಿಗಿಂತ ಮೊದಲಿನ ಐದು ಜನರನ್ನು ದಾಟಿಕೊಂಡು ಪ್ರತಿ ಸಲವೂ ಇವನ ಬಳಿಗೆ ಬರಬೇಕು. ಕರೆಂಟು ಹೋದರೆ ಮತ್ತೆ ಹದ್ದಿನಿಂದ ಶುರು! ಬೇಸಗೆಯಲ್ಲಿ ಕರೆಂಟು ಹೋಗದ ದಿನ ಯಾವುದು? ಆದರೂ ಅತ್ತೆ ದಿನಕ್ಕೆ ಎರಡು ಸಲವಾದರೂ ಅವನ ಎದುರಿಗೆ ಹೋಗಿ ನಿಲ್ಲುತ್ತಿದ್ದರು. ಸೀರೆಯ ಅಂಚಿನ ವಿನ್ಯಾಸ ಎಣಿಸುವ ಹಾಗೆ ಅವನ ಕೈಗಳನ್ನು ಎಣಿಸಿದರು. "ಎಡುಕ್ ಎರಡು, ಬಲುಕ್ ಒಂದು, ಮ್ಯಾಲಿಂದ್ ಒಂದು, ಆಮ್ಯಾಕ್ ತೆರಪು. ಇವನ್ದೂ ಒಂದ್ ಅಂಚೇ ಕಣ್ಲಾ. ತಿರುಗಾ ಮುರುಗಾ ಅದ್ನೇ ನೇಯ್ತಾನೆ." ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಅಷ್ಟು ಗೊತ್ತಿದ್ದೂ ಸಾಯುತ್ತಿದ್ದರು. ಸತ್ತಾಗಲೆಲ್ಲ ಒಂದೇ ಮಾತು: "ಏನೂ ತಗುಲ್ಲಿಲ್ಲ ಕನ ಕೂಸೆ, ಸುಮ್ಸುಮ್ಕೆ ಸಾಯ್ತೀನಿ. ಮಾಟ ಮಾಡವ್ನೆ ಮುಂಡೇದು!"

ಕೊಳ್ಳೇಗಾಲದವರು ಎಂದರೆ ಸಾಕು, ಪರವೂರಿನವರು ಮಾಟಕ್ಕೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಂಥ ಊರಿಗೇ ಬಂದು ಮಾಟ ಮಾಡುವುದೆಂದರೆ? ಪಕ್ಕದ ಮನೆಯಾಕೆ, "ಎದೆಗಾರಿಕೆ ನೋಡಕ್ಕ ಇವುಂದು!" ಎಂದು ಬಾಯಿಯ ಮೇಲೆ ಕೈಯಿಟ್ಟರು. ಮರುದಿನ ನಮ್ಮ ಟಿ.ವಿ.ಯ ಮೂಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡುತ್ತಿದ್ದವು. ಅಪ್ಪ ವಾರ್ತೆ ನೋಡಲು ಕುಳಿತರೆ ವಾರ್ತೆ ಓದುವವರ ಕಿವಿಗೆ ಮೆಣಸಿನಕಾಯಿಯ ಲೋಲಾಕು!

ಏಪ್ರಿಲ್ ೨೨, ಭಾನುವಾರ, ಹನ್ನೊಂದು ಗಂಟೆಗೆ ಮಗ್ಗದ ಯಜಮಾನರು ಬಂದರು. ಅತ್ತೆ ಆಗ ಎಂಟು ಕೈಯವನ ಎದುರಿಗಿದ್ದರು. ತಿರುಗಿಯೂ ನೋಡಲಿಲ್ಲ.

"ಅಕ್ಕಾ, ಒಂದ್ ಮಾತಿತ್ತು."

"ಏಳಪ್ಪ. ಕಿವಿ ಖಾಲಿ ಅದೆ, ಕೈ ಖಾಲಿ ಇಲ್ಲ."

"ಓದ್ಸಲದ ಅಚ್ಚಲ್ಲಿ ಇಪ್ಪತ್ತಾರ್ ಎಳೆ ತಪ್ಪಿದ್ವು ಕಣಕ್ಕ. ನೇಯೋನು ಕಣ್ಣೀರ್ ಆಕ್ದ. ವಯಸ್ಸಾಯ್ತು ನಿಮ್ಗೂ. ಮುಂದಿನ ಅಚ್ಗೆ ಮಧುವನಳ್ಳಿಯಿಂದ ಒಬ್ಳ ಕರ್ಸವ ಅಂತಿದೀನಿ."

ಟಿ.ವಿ.ಯಲ್ಲಿ ಸಿಪಾಯಿ ಸತ್ತ. ಅತ್ತೆ ನಿಧಾನವಾಗಿ ತಿರುಗಿದರು. ಇಪ್ಪತ್ತಾರು ಎಳೆ! ನಲವತ್ತು ವರ್ಷದಲ್ಲಿ ಅವರಿಗೆ ಇಪ್ಪತ್ತಾರು ಎಳೆ ತಪ್ಪಿರಲಿಲ್ಲ. ಆ ಕೆಲಸ ಹೋದರೆ ಅತ್ತೆ ಬೆಳಿಗ್ಗೆ ಎದ್ದು ಯಾತಕ್ಕಾಗಿ ಜಡೆ ಹಾಕಿಕೊಳ್ಳಬೇಕು?

"ಮುಂದಿನ ಅಚ್ಚು ಯಾವತ್ತು?" ಎಂದರು ಅತ್ತೆ.

"ಮೇ ಏಳು, ಸೋಮ್ವಾರ."

"ಅವತ್ ಬೆಳಿಗ್ಗೆ ಬಾ. ಈ ಏಡಿ ನನ್ಮಗನ್ನ ನಿನ್ ಮುಂದೇ ಉರುಳುಸ್ತೀನಿ. ಆಮ್ಯಾಕ್ ಏಳು, ಕಣ್ಣು ಕೈ ಓಗವೆ ಅಂತ."

ಯಜಮಾನರು ನಕ್ಕರು. ಅತ್ತೆ ನಗಲಿಲ್ಲ. ಯಜಮಾನರೂ ನಗು ನಿಲ್ಲಿಸಿ, "ಆಯ್ತು ಕಣಕ್ಕ," ಎಂದು ಎದ್ದು ಹೋದರು. ನಲವತ್ತು ವರ್ಷದ ಕಸುಬು ಒಂದು ಟಿ.ವಿ. ಏಡಿಯ ಮೇಲೆ ನಿಂತಿತು!

ಅಂದಿನಿಂದ ಬೂದಿಯ ಬಟ್ಟಲು ರಿಮೋಟಿನ ಪಕ್ಕಕ್ಕೆ ಬಂತು. ಬೆರಳಿಗೆ ಬೂದಿ ಮುಟ್ಟಿಸಿಕೊಂಡೇ ಗುಂಡಿ ಒತ್ತುತ್ತಿದ್ದರು. ಏಡಿಯ ಅರ್ಧ ಜೀವ ತೆಗೆದರು, ಮುಕ್ಕಾಲು ತೆಗೆದರು. ಆಮೇಲೆ ಇದ್ದಕ್ಕಿದ್ದಂತೆ ಸತ್ತರು.

ಮೇ ೫, ಶನಿವಾರ ಮಧ್ಯಾಹ್ನ ನಾನು ಡೈರಿಯ ಕಾಲಂಗಳನ್ನು ಕೂಡಿಸಿದೆ. 'ಕಾರಣ' ಎಂಬ ಕಾಲಂ ಯಾಕೆ ಹಾಕಿದ್ದೆನೋ ಗೊತ್ತಿಲ್ಲ. ಗೆರೆ ಎಳೆದ ಮೇಲೆ ಖಾಲಿ ಬಿಡಲು ನನಗೆ ಮನಸ್ಸು ಬರುವುದಿಲ್ಲ. ಒಟ್ಟು ಸಾವು ನಲವತ್ತೊಂದು. ಕೈಯ ಏಟಿನಿಂದ ಮೂರು. ಏಡಿ ಎಸೆಯುವ ಕೆಂಪು ಗುಂಡಿನಿಂದ ಎರಡು. ನೀಲಿ ಗುಂಡಿನಿಂದ ಮೂವತ್ತಾರು.

ಮೂವತ್ತಾರು! ಮೂರು ಸಲ ಕೂಡಿಸಿದೆ.

"ಅತ್ತೆ, ಆ ನೀಲಿ ಗುಂಡಿಂದ ಒಸಿ ತಪ್ಪಿಸ್ಕಂಡ್ರೆ ಸಾಕು, ಗೆದ್ಬುಡ್ತೀರಿ," ಎಂದೆ.

ಅತ್ತೆ ಹುಣಸೆಹಣ್ಣು ಬಿಡಿಸುತ್ತಿದ್ದವರು ತಲೆಯೆತ್ತಿದರು.

"ಯಾವ್ ನೀಲಿ ಗುಂಡು?"

"ಅದೇ, ಏಡಿ ಎಸಿಯೋದು."

"ಅವ್ನು ಕೆಂಪ್ ಗುಂಡ್ ಎಸಿತಾನೆ. ನೀಲಿ ಒಂದ್ನೂ ಎಸ್ದಿಲ್ವಲ್ಲೇ ಕೂಸೆ!"

ನಾನು ಎದ್ದು ಹೋಗಿ, ಕಪ್ಪು ಪಟ್ಟಿಯ ನೀಲಿ ಟವೆಲ್ ತಂದು ಹಿಡಿದೆ. "ಪಟ್ಟಿ ಎಷ್ಟವೆ ಅತ್ತೆ?"

"ಕರೀ ಟವಲ್ಗೆ ಎಂಥ ಪಟ್ಟಿ?"

ಕಪ್ಪು ಪರದೆಯ ಮೇಲೆ ಹಾರಿ ಬರುವ ಕಡು ನೀಲಿ ಗುಂಡುಗಳನ್ನು ಅತ್ತೆ ಒಂದು ದಿನವೂ ನೋಡಿರಲಿಲ್ಲ. ಬರಿಯ ಎಣಿಕೆಯಿಂದ, ತಾಳದಿಂದ, ಕಾಣದ ಗುಂಡುಗಳ ನಡುವೆ ನುಸುಳಿ ಅವನ ಮುಕ್ಕಾಲು ಜೀವ ತೆಗೆದಿದ್ದರು! ಮತ್ತು ಆ ಇಪ್ಪತ್ತಾರು ಎಳೆ ತಪ್ಪಿದ ಅಚ್ಚು ಯಾವ ಬಣ್ಣದ್ದು? ಕೇಳಬೇಕಾಗಿಯೇ ಇರಲಿಲ್ಲ, ಆದರೂ ಕೇಳಿದೆ.

"ಕರೀದು," ಎಂದರು ಅತ್ತೆ. ಟವೆಲ್ಲನ್ನು ಕಣ್ಣಿನ ಹತ್ತಿರ ಹಿಡಿದು, "ನೇಯೋನು ನೀಲಿ ಅಂದಿದ್ದ. ತಮಾಸೆ ಅಂದ್ಕಂಡಿದ್ದೆ," ಎಂದರು. ಹುಣಸೆಹಣ್ಣು ಹಾಗೇ ಕೈಯಲ್ಲಿತ್ತು. "ಯಾರ್ಗೂ ಏಳ್ಬ್ಯಾಡ ಕನ."

ನಾನು ಯಾರಿಗೂ ಹೇಳಲಿಲ್ಲ. ಡೈರಿಗೆ ಮಾತ್ರ ಹೇಳಿದೆ.

ಮೇ ೭, ಸೋಮವಾರ, ಹತ್ತು ಗಂಟೆ. ನಡುಮನೆ ತುಂಬಿತ್ತು. ಯಜಮಾನರಿಗೆ ಕುರ್ಚಿ, ಮಿಕ್ಕವರಿಗೆಲ್ಲ ಚಾಪೆ. ಹದ್ದು, ಟ್ಯಾಂಕು, ಅವಳಿ ಜವಳಿ ಎಲ್ಲರೂ ಒಬ್ಬರ ಹಿಂದೊಬ್ಬರು ಹೋದರು. ಢಂ, ಢಂ, ಢಂ. ಏಡಿ ಇಳಿಯಿತು. ಅತ್ತೆ ಕಣ್ಣು ಮುಚ್ಚಿಕೊಂಡೇ ಆಡುತ್ತಿದ್ದಾರೇನೋ ಎನ್ನುವಂತೆ ತುಟಿಯಲ್ಲಿ ಎಣಿಸುತ್ತಿದ್ದರು. ಅರ್ಧ, ಮುಕ್ಕಾಲು, ಆಮೇಲೆ ಅವನ ಜೀವ ಒಂದು ಗೆರೆಯಷ್ಟೇ ಉಳಿಯಿತು! ಪಕ್ಕದ ಮನೆಯಾಕೆ ನನ್ನ ತೋಳು ಹಿಂಡಿದರು. ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು.

"ಬುಡ್ಬ್ಯಾಡಿ ಅಕ್ಕಾ! ಅಚ್ಚು ನಿಮ್ದೇ! ಮದ್ವೆ ಸೀರೆ ಅಚ್ಚು, ಪೂರ್ತಿ ನವಿಲ್ ನೀಲಿ, ನೀವೇ ಕೆಚ್ಬೇಕು!"

ಅತ್ತೆ ರಿಮೋಟನ್ನು ಚಾಪೆಯ ಮೇಲಿಟ್ಟರು.

ಏಡಿ ಹೊಡೆಯಿತು. ಸಿಪಾಯಿ ಬಿದ್ದ.

"ನೀಲಿ ಕಾಣಲ್ಲ ಕಣಪ್ಪ ನಂಗೆ," ಎಂದರು ಅತ್ತೆ. "ಆ ಇಪ್ಪತ್ತಾರ್ ಎಳೇನೂ ನಂದೇ ತಪ್ಪು. ಯಾರ್ದೋ ಮದ್ವೆ ಸೀರೆ, ಆಳ್ ಮಾಡ್ಬಾರ್ದು. ಮಧುವನಳ್ಳಿಯವ್ಳ ಕರ್ಸು."

ನಲವತ್ತೆರಡನೇ ಸಾವು. ಕಾರಣದ ಕಾಲಮ್ಮಿನಲ್ಲಿ 'ತಾವೇ ಕೈಬಿಟ್ಟರು' ಎಂದು ಬರೆದೆ. ಅಕ್ಷರ ಸರಿಯಾಗಿ ಬಂದಿಲ್ಲ.

ಯಜಮಾನರು ಕುರ್ಚಿ ಬಿಟ್ಟು ಚಾಪೆಯ ಮೇಲೆ ಕುಳಿತು, "ನೀಲಿ ಅವ್ಳು ಕೆಚ್ಲಿ. ಕೆಂಪು, ಅರಿಶಿಣದ್ದು ನಿಮ್ಗೇ ಮಡಗ್ತೀನಿ. ಮೊದ್ಲು ಕಣ್ ತೋರುಸ್ಕಳಿ ಅಕ್ಕ," ಎಂದರು.

ಪೊರೆ ಬಂದಿತ್ತು, ಎರಡು ಕಣ್ಣಿಗೂ. ಜೂನಿನಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ನಾನು ಎದುರಿಗೆ ನಿಂತಿದ್ದೆ. ಅತ್ತೆ ನನ್ನ ಮುಖ ನೋಡಲಿಲ್ಲ, ಚೂಡಿದಾರವನ್ನೇ ನೋಡುತ್ತಿದ್ದರು. ಕೈ ಚಾಚಿ ಅದರ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದರು.

"ಈ ನೀಲಿ ಬಟ್ಟೆ ಯಾವಾಗ್ ತಕಂಡೆ?"

"ಎರಡ್ ವರ್ಷ ಆಯ್ತತ್ತೆ."

"ಎಲ್ಡ್ ವರ್ಸದಿಂದ ಕರೀದೇ ಆಕಂಡ್ ತಿರುಗ್ತಾಳೆ ಅಂದ್ಕಂಡಿದ್ದೆ ಕನ ಕೂಸೆ," ಎಂದರು ಅತ್ತೆ. "ವಯಸ್ಸಿನ್ ಉಡುಗಿ, ಏನ್ ಕೊರಗ್ ಅದೋ, ಕೇಳದ್ ಎಂಗೆ ಅಂತ ಸುಮ್ಕಿದ್ದೆ."

ಮನೆಯಲ್ಲಿ ಇನ್ನೊಬ್ಬರ ಲೆಕ್ಕ ಇಡುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಒಂದು ತಿಂಗಳು ಟಿ.ವಿ. ನೋಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಅಣ್ಣ ಕ್ಯಾಸೆಟ್ಟನ್ನು ಯಳಂದೂರಿನ ಗೆಳೆಯನಿಗೆ ಕೊಟ್ಟ. ಅವನು ಹನೂರಿನ ಇನ್ಯಾರಿಗೋ ಕೊಟ್ಟ. ಅಲ್ಲಿಂದ ಮುಂದಕ್ಕೆ ಪತ್ತೆಯಿಲ್ಲ. ಹಾಗಾಗಿ ಎಂಟು ಕೈಗಳ ಆ ಏಡಿಯನ್ನು ಉರುಳಿಸಿದವರು ಈ ಕಡೆ ಯಾರಾದರೂ ಇದ್ದರೆ, ಅವನು ಬಿದ್ದ ಮೇಲೆ ಪರದೆಯಲ್ಲಿ ಏನು ಬರುತ್ತದೆ ಎಂದು ದಯವಿಟ್ಟು ನನಗೆ ಒಂದು ಕಾಗದ ಬರೆಯಿರಿ. ಯಾವುದು ಯಾವ ಬಣ್ಣದ್ದು ಎಂಬುದನ್ನೂ ಬಿಡದೆ ಬರೆಯಿರಿ. ಅತ್ತೆಗೆ ಓದಿ ಹೇಳಬೇಕು.