ಚಕ್ರದ ಮಂಚದ ಮೇಲೆ ಪೋಸ್ಟಣ್ಣ

ಪೋಸ್ಟಣ್ಣ ತನ್ನ ಜೀವಮಾನದಲ್ಲಿ ತಾನಾಗಿಯೇ ಕೈಯೆತ್ತಿ ಒಂದು ಕೆಲಸ ಒಪ್ಪಿಕೊಂಡದ್ದು ಒಂದೇ ಒಂದು ಸಲ. ಅವನ ಗ್ರಹಚಾರ ಕೆಟ್ಟದ್ದೂ ಅಲ್ಲಿಂದಲೇ.

ಕೈಯೆತ್ತಿದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ ಬಿಡಿ. ಇಪ್ಪತ್ತೆರಡು ವರ್ಷ ಹೆಗಲಿಗೆ ಅಂಚೆ ಚೀಲ ಹಾಕಿಕೊಂಡು ಬೀದಿ ಅಳೆದ ಮನುಷ್ಯ. ಬಲಗಾಲಿನ ಹಿಮ್ಮಡಿಗೆ ಒಂದು ನೋವು ಬಂದು ಅಲ್ಲೇ ಮನೆ ಮಾಡಿಕೊಂಡು ಆರು ತಿಂಗಳಾಗಿತ್ತು. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆಯ ಮೇಲೆ ಇಟ್ಟ ಹಾಗಾಗುತ್ತಿತ್ತು. ಹತ್ತು ದಿನ ಕಾಲು ನೆಲಕ್ಕೆ ತಾಗಿಸದೆ ಮಲಗಿರು, ಇಲ್ಲದಿದ್ದರೆ ಇದು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಪೋಸ್ಟಣ್ಣ ನಾಲ್ಕು ಸಲ ರಜೆಯ ಅರ್ಜಿ ಕೊಟ್ಟ. ನಾಲ್ಕು ಸಲವೂ ಪೋಸ್ಟ್‌ಮಾಸ್ಟರು ಕನ್ನಡಕ ಏರಿಸಿಕೊಂಡು, ಮೇಜಿನ ಈಚೆ ಬಂದು, ಬಗ್ಗಿ ಹಿಮ್ಮಡಿ ನೋಡಿದರು. ಡಾಕ್ಟರ ಚೀಟಿಯನ್ನು ಮಾತ್ರ ನೋಡಲಿಲ್ಲ. ಡಾಕ್ಟರುಗಳು ಯಾರು ಕೇಳಿದರೂ ಬರೆದುಕೊಡುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ.

"ಊತ ಇಲ್ಲ, ಗಾಯ ಇಲ್ಲ, ಕೆಂಪಗೂ ಆಗಿಲ್ಲ," ಎಂದು ಅವರು ಎದ್ದು ನಿಂತು ಹೇಳುತ್ತಿದ್ದರು. "ಕಣ್ಣಿಗೆ ಕಾಣೋ ಅಂಥದ್ದು ಏನಾದ್ರೂ ತಗೊಂಡು ಬಾರಯ್ಯ, ಆ ಕ್ಷಣ ರಜೆ ಕೊಡ್ತೀನಿ."

ಹೀಗಿರುವಾಗ ಪೋಸ್ಟಣ್ಣ ಹೋಗುವ ಪ್ರಾರ್ಥನಾ ಮಂದಿರದಲ್ಲಿ ಸೇವಾ ಸಮಿತಿಯ ಸಭೆ ಸೇರಿತು. ಸಮುದ್ರದಾಚೆ, ಭೂಪಟದ ಮೇಲೆ ಬೆರಳಿಟ್ಟರೆ ಬೆರಳಿನಡಿ ಮುಚ್ಚಿಹೋಗುವಷ್ಟು ಚಿಕ್ಕ ದೇಶದಲ್ಲಿ, ಆ ಮಂದಿರದವರದೇ ಪಂಥದ ಸನ್ಯಾಸಿನಿ ಸಿಸ್ಟರುಗಳು ಬಡವರಿಗಾಗಿ ಒಂದು ಆಸ್ಪತ್ರೆ ನಡೆಸುತ್ತಿದ್ದರು. ಅದಕ್ಕಾಗಿ ಇಲ್ಲಿ ವರ್ಷಕ್ಕೊಂದು ಸಹಾಯಾರ್ಥ ಕಾರ್ಯಕ್ರಮ. ಹಿಂದಿನ ವರ್ಷ ಸಹಾಯಾರ್ಥ ನಡಿಗೆ ಇಟ್ಟುಕೊಂಡಾಗ, ನಡೆಯೋದು ನಿನ್ನ ಕಸುಬೇ ಅಲ್ವಾ ಎಂದು ಪೋಸ್ಟಣ್ಣನನ್ನೇ ಎಲ್ಲರಿಗಿಂತ ಹೆಚ್ಚು ನಡೆಸಿದ್ದರು. ಅದರ ಹಿಂದಿನ ವರ್ಷ ಸಂಗೀತ ಕಾರ್ಯಕ್ರಮದ ಟಿಕೆಟು ಮಾರಲು, ಹೇಗೂ ಮನೆ ಮನೆಗೆ ಹೋಗ್ತೀಯಲ್ಲ ಎಂದು ಅವನ ಚೀಲಕ್ಕೇ ತುರುಕಿದ್ದರು. ಅವನಿಗೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಯಾಕೆಂದರೆ ಆ ಆಸ್ಪತ್ರೆಯ ಕಾಗದ ತಂದು ಕೊಡುತ್ತಿದ್ದವನೂ ಅವನೇ. ಈ ವರ್ಷ ಕಾಗದದ ಜೊತೆ ಒಂದು ಫೋಟೋ ಬಂದಿತ್ತು. ಒಂದೇ ಮಂಚದ ಮೇಲೆ ತಲೆ ಕಾಲು ಅದಲುಬದಲಾಗಿ ಮಲಗಿದ ಇಬ್ಬರು ಮಕ್ಕಳು, ಮಂಚದ ಕೆಳಗೆ ಚಾಪೆಯ ಮೇಲೆ ಮೂರನೆಯದು. ಅದನ್ನು ನೋಡಿ ಪೋಸ್ಟಣ್ಣನ ಕರುಳು ಚುರುಕ್ಕೆಂದಿತ್ತು.

ಸಮಿತಿಯ ಕಾರ್ಯದರ್ಶಿ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಊರಿಗೆಲ್ಲ ಹೆಡ್‌ಮೇಡಂ. ಶಾಲೆ ಬಿಟ್ಟು ಎಂಟು ವರ್ಷವಾದರೂ ಊರನ್ನೇ ಒಂದು ದೊಡ್ಡ ತರಗತಿ ಅಂದುಕೊಂಡಿದ್ದವರು. ಈ ಸಲ ಹೊಸ ಯೋಜನೆ ಎಂದು ಅವರು ವಿವರಿಸಿದರು. ಚಕ್ರವಿರುವ ಆಸ್ಪತ್ರೆಯ ಮಂಚ. ಅದರ ಮೇಲೆ ಮೈತುಂಬ ಬ್ಯಾಂಡೇಜು ಸುತ್ತಿಕೊಂಡ ರೋಗಿ. ಮಂಚವನ್ನು ಬೀದಿ ಬೀದಿ ತಳ್ಳಿಕೊಂಡು ಹೋಗುವುದು, ನೋಡಿದವರು ಡಬ್ಬಿಗೆ ದುಡ್ಡು ಹಾಕುವುದು.

"ಒಬ್ರು ಬೆಳಗಿಂದ ಸಾಯಂಕಾಲದವರೆಗೆ ಆ ಮಂಚದ ಮೇಲೆ ಸುಮ್ನೆ ಮಲಗಿರಬೇಕಾಗುತ್ತೆ..." ಎನ್ನುವಷ್ಟರಲ್ಲಿ ಪೋಸ್ಟಣ್ಣನ ಕೈ ಮೇಲೆ ಹೋಗಿತ್ತು.

ಮನೆಯಲ್ಲಿ ಹೆಂಡತಿ ಕೇಳಿ ಸುಸ್ತಾದಳು. "ಮಲಗೋಕೆ ಮನೇಲಿ ಮಂಚ ಇಲ್ವೇನ್ರೀ?"

"ಮನೇಲಿ ಮಲಗಿದ್ರೆ ನೀರು ಹಿಡೀರಿ, ಬಲ್ಬು ಹಾಕಿ ಅಂತ ಎಬ್ಬಿಸ್ತೀಯ. ಅಲ್ಲಿ ಏಳೋ ಹಾಗೇ ಇಲ್ಲ ಕಣೇ," ಎಂದ ಪೋಸ್ಟಣ್ಣ. ಹಾಗೆ ಹೇಳುವಾಗ ಅವನ ಮುಖದ ಮೇಲೆ ಎಷ್ಟೋ ತಿಂಗಳಿಂದ ಕಾಣದ ಕಳೆ ಇತ್ತು.

ಭಾನುವಾರ ಬೆಳಿಗ್ಗೆ ಬ್ಯಾಂಡೇಜು ಸುತ್ತಲು ಬಂದವರು ನಿವೃತ್ತ ಕಾಂಪೌಂಡರು. ಕೆಲಸ ಬಿಟ್ಟ ಮೇಲೆ ಸುತ್ತಲು ಒಂದು ದೇಹ ಸಿಗದೆ ಅವರ ಬೆರಳುಗಳು ಹಸಿದಿದ್ದವು. ಹೇಗೂ ಸುತ್ತುತ್ತೀರಿ, ಬಲಗಾಲಿಗೇ ಸುತ್ತಿ, ಅದೇ ನೋಯ್ತಿರೋದು ಎಂದು ಪೋಸ್ಟಣ್ಣ ಕೇಳಿಕೊಂಡ. ಕಾಂಪೌಂಡರು ಒಪ್ಪಲಿಲ್ಲ. ಮಂಚದ ಬಲಮಗ್ಗುಲು ಗೋಡೆಗೆ ತಾಗಿತ್ತು, ಮಂಚ ಸರಿಸುವ ತಾಳ್ಮೆ ಅವರಿಗಿರಲಿಲ್ಲ. ಕೈಗೆ ಸಿಕ್ಕ ಎಡಗಾಲಿಗೇ ಎರಡು ಮರದ ಪಟ್ಟಿ ಕಟ್ಟಿ, ತೊಡೆಯವರೆಗೆ ಸುತ್ತಿ, ಮೇಲೊಂದು ಸಲಾಕೆಗೆ ತೂಗುಹಾಕಿದರು. ಆಮೇಲೆ ಎರಡು ಕೈ, ಎದೆ. ಕೊನೆಗೆ ನೆತ್ತಿಯಿಂದ ಗದ್ದದವರೆಗೆ ಎಳೆದು ಬಿಗಿದದ್ದರಲ್ಲಿ ಪೋಸ್ಟಣ್ಣನ ಬಾಯಿಗೆ ಬೀಗ ಬಿತ್ತು. ಹೊರಗೆ ಉಳಿದದ್ದು ಎರಡು ಕಣ್ಣು, ಒಂದು ಮೂಗು, ಮತ್ತು ಯಾರಿಗೂ ಬೇಡವಾದ ಬಲಗಾಲು.

ಮಂಚ ಊರ ಆಸ್ಪತ್ರೆಯಿಂದ ಎರವಲು ತಂದದ್ದು. ಅದರ ನಾಲ್ಕು ಚಕ್ರಗಳಲ್ಲಿ ಮೂರು ಮುಂದೆ ಹೋದರೆ ನಾಲ್ಕನೆಯದು ತನ್ನಿಷ್ಟ ಬಂದ ಕಡೆ ಹೋಗುತ್ತಿತ್ತು. ತಳ್ಳಲು ಸೆಲೂನಿನವನು ಮತ್ತು ಮರದ ಡಿಪೋದವನು. ಮುಂದೆ ಹೆಡ್‌ಮೇಡಂ, ಕೈಯಲ್ಲಿ ಶಾಲೆಯಿಂದ ಬರುವಾಗ ತಂದಿಟ್ಟುಕೊಂಡಿದ್ದ ಗಂಟೆ. ಮೊದಲ ಬೀದಿ ದಾಟುವಷ್ಟರಲ್ಲೇ ಪೋಸ್ಟಣ್ಣನಿಗೆ ನಿದ್ದೆಯ ಆಸೆ ಬಿಟ್ಟುಹೋಯಿತು. ಒಂದೊಂದು ಕಲ್ಲಿಗೂ ಮಂಚ ಎಗರುತ್ತಿತ್ತು, ಒಂದೊಂದು ಮನೆಯ ಮುಂದೂ ಗಂಟೆ ಕಿವಿಯ ಹತ್ತಿರವೇ ಮೊಳಗುತ್ತಿತ್ತು.

ಅದಾದರೂ ಸಹಿಸಬಹುದಿತ್ತು. ಆದರೆ ಇವೆಲ್ಲ ಅವನು ದಿನಾ ಕಾಗದ ಹಂಚುವ ಬೀದಿಗಳೇ. ಮುಖ ಮುಚ್ಚಿದ್ದರೂ ಆ ಸವೆದ ಅಂಗಾಲನ್ನು ನೋಡಿಯೇ ಜನ ಗುರುತು ಹಿಡಿದರು. ದಿನಾ ಕಾಗದ ಎಸೆದು ಓಡಿಹೋಗುವ ಪೋಸ್ಟಣ್ಣ ಇವತ್ತು ಕಟ್ಟಿಹಾಕಿದ ಹಾಗೆ ಸಿಕ್ಕಿದ್ದಾನೆ, ಬಾಯಿ ಬೇರೆ ಆಡುವುದಿಲ್ಲ, ಇಂಥ ಅವಕಾಶ ಯಾರು ಬಿಡುತ್ತಾರೆ? ನನ್ನ ಪಾರ್ಸೆಲ್ಲು ಏನಾಯ್ತು ಎಂದು ಒಬ್ಬರು, ಮದುವೆ ಕರೆಯೋಲೆ ಮದುವೆ ಮುಗಿದ ಮೇಲೆ ತಂದುಕೊಟ್ಟೆಯಲ್ಲ ಎಂದು ಇನ್ನೊಬ್ಬರು. ಮೂರು ಜನ ಪೋಸ್ಟು ಮಾಡಬೇಕಾದ ಕಾಗದಗಳನ್ನು ತಂದು ಎದೆಯ ಬ್ಯಾಂಡೇಜಿಗೆ ಸಿಕ್ಕಿಸಿ ಹೋದರು. ತಿರುವಿನ ಮನೆಯ ಪಿಂಚಣಿ ಅಜ್ಜಿ ಮಾತ್ರ ಏನೂ ಬೈಯಲಿಲ್ಲ. ತನ್ನ ಗೋಣಿಯಂಥ ಕೈಚೀಲವನ್ನು ಮಂಚದ ಅಂಚಿಗೆ ದೊಪ್ಪನೆ ಇಟ್ಟು, ಅದರೊಳಗೆ ಮೊಣಕೈವರೆಗೆ ತಡಕಿ, ಒಂದು ನಾಣ್ಯ ಹುಡುಕಿ ಡಬ್ಬಿಗೆ ಹಾಕಿ, ತೂಗುಹಾಕಿದ ಎಡಗಾಲನ್ನು ಸವರಿದಳು. ಆ ಮುದುಕಿಯ ಕೈಯ ಮೃದುತ್ವಕ್ಕೆ ಪೋಸ್ಟಣ್ಣನ ಕಣ್ಣು ಒದ್ದೆಯಾಯಿತು.

ಹೆಡ್‌ಮೇಡಂಗೆ ಅಷ್ಟು ಸಾಲಲಿಲ್ಲ. ಮನೆ ಬಂದಾಗಲೆಲ್ಲ ನರಳಬೇಕು ಎಂದು ಅವನಿಗೆ ಅಪ್ಪಣೆಯಾಯಿತು. ಪೋಸ್ಟಣ್ಣ ಬಿಗಿದ ಗದ್ದದೊಳಗಿಂದಲೇ ಹೂಂ ಎಂದು ನೋಡಿದ. ಅದು ಊಟವಾಗಿ ತೇಗಿದ ಹಾಗಿತ್ತು. ಮೇಡಂ ತಲೆ ಚಚ್ಚಿಕೊಂಡು, ನೋವೇ ಇಲ್ಲವಲ್ಲ ನಿನ್ನ ದನಿಯಲ್ಲಿ, ಮನಸ್ಸಿಟ್ಟು ನರಳು ಎಂದರು.

ಮಧ್ಯಾಹ್ನದ ಹೊತ್ತಿಗೆ ಮೆರವಣಿಗೆ ಇಳಿಜಾರಿನ ತಲೆಗೆ ಬಂತು. ಇಳಿಜಾರು ಮುಗಿಯುವಲ್ಲಿ ಪೋಸ್ಟಾಫೀಸು, ಅದರ ಮೆಟ್ಟಿಲ ಮೇಲೆ ವೇದಿಕೆ, ವೇದಿಕೆಯ ಮೇಲೆ ಮುಖ್ಯ ಅತಿಥಿಯಾಗಿ ಪೋಸ್ಟ್‌ಮಾಸ್ಟರು. ತಳ್ಳುವವರಿಬ್ಬರೂ ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು ನೀರು ಕುಡಿಯಲು ಹೋದರು. ಹೆಡ್‌ಮೇಡಂ ಅಲ್ಲೇ ಕಟ್ಟೆಯ ಮೇಲೆ ದಾನಿಗಳ ಹೆಸರಿನ ಹಾಳೆಗಳನ್ನು ಹರಡಿಕೊಂಡು ಕೂತರು. ಗಾಳಿ ಬೀಸಿತು, ಹಾಳೆಗಳು ಎದ್ದವು. ಮೇಡಂ ಅತ್ತಿತ್ತ ನೋಡಿದರು. ಹಾಳೆಯ ಮೇಲಿಡಲು ಹೇಳಿ ಮಾಡಿಸಿದಂಥ ಒಂದು ಕಲ್ಲು ಕಣ್ಣಿಗೆ ಬಿತ್ತು. ಬಗ್ಗಿ ಎತ್ತಿಕೊಂಡರು.

ಮಂಚ ಹೊರಟಿತು. ಪೋಸ್ಟಣ್ಣನಿಗೆ ಮೊದಲು ಆಕಾಶ ಹಿಂದಕ್ಕೆ ಹೋಗುತ್ತಿದೆ ಅನ್ನಿಸಿತು, ಆಮೇಲೆ ವಿಷಯ ಏನೆಂದು ತಿಳಿಯಿತು. ಕೂಗೋಣವೆಂದರೆ ಬಾಯಿ ಕಟ್ಟಿದೆ, ಹಾರೋಣವೆಂದರೆ ಕಾಲು ತೂಗುಹಾಕಿದೆ. ಎದೆಯಲ್ಲಿದ್ದ ಕಾಗದಗಳು ಒಂದೊಂದಾಗಿ ಹಾರಿಹೋದವು. ನಾಲ್ಕನೆಯ ಚಕ್ರ ತನ್ನಿಷ್ಟದಂತೆ ಪಕ್ಕಕ್ಕೆಳೆದು ಮಂಚವನ್ನು ನೇರವಾಗಿ ಪೋಸ್ಟಾಫೀಸಿನ ಕಬ್ಬಿಣದ ಅಂಚೆ ಪೆಟ್ಟಿಗೆಗೆ ಗುದ್ದಿಸಿತು. ಇಪ್ಪತ್ತೆರಡು ವರ್ಷ ಅವನೇ ದಿನಾ ಬೀಗ ತೆಗೆದು ಖಾಲಿ ಮಾಡಿದ ಪೆಟ್ಟಿಗೆ. ಮಂಚಕ್ಕೂ ಪೆಟ್ಟಿಗೆಗೂ ನಡುವೆ ಬಲಗಾಲು ಸಿಕ್ಕಿ ಕಟಕ್ ಎಂದಿತು. ಗದ್ದದ ಬ್ಯಾಂಡೇಜು ಜಾರಿತು. ಪೋಸ್ಟಣ್ಣ ಬೊಬ್ಬೆ ಹೊಡೆದ.

ಸೇರಿದ್ದ ಜನರಿಂದ ಚಪ್ಪಾಳೆ ಬಿತ್ತು. ಹಿಂದಿನಿಂದ ಓಡಿಬಂದ ಕಾಂಪೌಂಡರು, ಪೋಸ್ಟಣ್ಣ ಬಲಗಾಲು ಹಿಡಿದುಕೊಂಡು ಅರಚುತ್ತಿರುವುದನ್ನು ನೋಡಿ ಅವನ ಕಿವಿಯಲ್ಲಿ ಬೈದರು. "ಪೆಟ್ಟಾಗಿರೋದು ಎಡಗಾಲಿಗೆ ಕಣಯ್ಯ. ಅರಚೋದಾದ್ರೆ ಅದನ್ನ ಹಿಡ್ಕೊಂಡು ಅರಚು. ಮಾನ ತೆಗೀಬೇಡ."

ಪೋಸ್ಟ್‌ಮಾಸ್ಟರ ಕಣ್ಣಲ್ಲಿ ನೀರೇ ಬಂದಿತ್ತು. ಮೈಕು ಹಿಡಿದು, ನಮ್ಮ ಕಚೇರಿಯ ನೌಕರನೊಬ್ಬ ರೋಗಿಗಳ ನೋವನ್ನು ಇಷ್ಟು ಚೆನ್ನಾಗಿ ತೋರಿಸಿದ್ದು ನನಗೆ ಹೆಮ್ಮೆ ಎಂದರು. ಈ ಪುಣ್ಯಕಾರ್ಯಕ್ಕಾಗಿ ಅವನಿಗೆ ಹತ್ತು ದಿನ ವಿಶೇಷ ರಜೆ ಎಂದು ಘೋಷಿಸಿ, ಅಲ್ಲೇ ಕಾಗದ ತರಿಸಿ ಸಹಿಯನ್ನೂ ಹಾಕಿದರು. ಹತ್ತು ದಿನ ಎಂಬ ಮಾತು ಕಿವಿಗೆ ಬಿದ್ದದ್ದೇ ಪೋಸ್ಟಣ್ಣ ಅರಚುವುದನ್ನು ನಿಲ್ಲಿಸಿದ. ಊರಿನ ಉಳಿದ ಹತ್ತು ಬಡಾವಣೆಗಳಿಗೂ ದಿನಕ್ಕೊಂದರಂತೆ ಈ ಮಂಚ ಹೋಗಬೇಕು, ಅದಕ್ಕಾಗಿಯೇ ಈ ರಜೆ ಎಂದು ಅವರು ಮುಂದುವರಿಸಿದಾಗ ಮತ್ತೆ ಅರಚತೊಡಗಿದ.

ಜನರನ್ನು ಸೀಳಿಕೊಂಡು ಬಂದ ಹೆಂಡತಿ ಮಾತ್ರ ನೇರ ಬಲಗಾಲು ನೋಡಿದಳು. ಆರು ತಿಂಗಳಿಂದ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದವಳು ಅವಳೊಬ್ಬಳೇ. ಪಾದ ಬನ್ನಿನ ಹಾಗೆ ಊದಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು, ಸೆಲೂನಿನವನನ್ನೂ ಡಿಪೋದವನನ್ನೂ ಗದರಿಸಿ, ಅದೇ ಮಂಚದಲ್ಲಿ ಆಸ್ಪತ್ರೆಗೆ ತಳ್ಳಿಸಿದಳು. ದಾರಿಯುದ್ದಕ್ಕೂ ಜನ ದುಡ್ಡು ಹಾಕುತ್ತಲೇ ಇದ್ದರು. ಡಾಕ್ಟರು ಮೂಳೆ ಮುರಿದಿದೆ ಎಂದು ಮಂಡಿಯವರೆಗೆ ಪ್ಲಾಸ್ಟರ್ ಹಿಟ್ಟಿನ ಕಟ್ಟು ಹಾಕಿದರು. ಇಲ್ಲೇ ಮಲಗಿಸಿಕೊಳ್ಳಿ ಎಂದು ಅವಳು ಕೇಳಿದ್ದಕ್ಕೆ, ಇದ್ದ ಒಂದು ಹೆಚ್ಚಿನ ಮಂಚವನ್ನೂ ನಿಮ್ಮ ಸಮಿತಿಯವರೇ ತಗೊಂಡು ಹೋಗಿದ್ದಾರಲ್ಲಮ್ಮ ಎಂದರು.

ಆದರೂ ಸಂಜೆ ಮನೆಗೆ ಬಂದಾಗ ಪೋಸ್ಟಣ್ಣನ ಮನಸ್ಸು ಹಗುರವಾಗಿತ್ತು. ಕಾಲು ಮುರಿದರೆ ಮುರಿಯಲಿ, ಕಣ್ಣಿಗೆ ಕಾಣುವಂಥದ್ದು ಕೊನೆಗೂ ಸಿಕ್ಕಿತಲ್ಲ. ಅಷ್ಟರಲ್ಲಿ ಸುದ್ದಿ ತಿಳಿದ ಪೋಸ್ಟ್‌ಮಾಸ್ಟರು ಬಂದರು. ಕನ್ನಡಕ ಏರಿಸಿ, ಬಗ್ಗಿ, ಕಟ್ಟನ್ನು ಬೆರಳಿನಿಂದ ಎರಡು ಸಲ ಬಡಿದು ನೋಡಿದರು. "ಇದು ಕಾಣುತ್ತೆ," ಎಂದು ಒಪ್ಪಿಕೊಂಡರು.

"ಹಾಗಾದ್ರೆ ಆ ರಜೆ ಬೇಡ ಸಾರ್. ಕಾಲಿನ ರಜೆ ಕೊಟ್ಬಿಡಿ, ಮನೇಲಿ ಬಿದ್ಕೊಂಡಿರ್ತೀನಿ."

ಪೋಸ್ಟ್‌ಮಾಸ್ಟರು ನಿಜವಾಗಿಯೂ ನೊಂದುಕೊಂಡರು. "ಒಂದು ಗಂಟೆ ಮೊದಲು ತೋರಿಸಬಾರದಾಗಿತ್ತೇನಯ್ಯ? ವಿಶೇಷ ರಜೆಗೆ ಸಹಿ ಆಗಿ ಮೇಲಿನ ಕಚೇರಿಗೆ ತಿಳಿಸಿಯೂ ಆಯ್ತು. ಒಂದೇ ಹತ್ತು ದಿನಕ್ಕೆ ಎರಡೆರಡು ರಜೆ ಬರೆಯೋಕೆ ಬರಲ್ಲ. ಮಂಚ ಹತ್ತಲ್ಲ ಅಂದ್ರೆ ಆ ರಜೆ ರದ್ದಾಗುತ್ತೆ, ನಾಳೆ ಒಂಬತ್ತಕ್ಕೆ ಚೀಲ ಹೊರಬೇಕಾಗುತ್ತೆ. ಮಂಚವೇ ವಾಸಿ ಅಲ್ವಾ?"

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಳು. ಆದರೆ ಹೆಡ್‌ಮೇಡಂ ಆಗಲೇ ಒಳಗೆ ಬಂದಿದ್ದರು. ಅವರು ಹೆಚ್ಚು ಮಾತಾಡಲಿಲ್ಲ. ಆ ಫೋಟೋ ತೆಗೆದು ಹಾಸಿಗೆಯ ಮೇಲಿಟ್ಟರು. ಇನ್ನು ಹತ್ತು ದಿನ ಹೀಗೆ ಆದರೆ ಆ ಚಾಪೆಯ ಮೇಲಿನ ಮಗುವಿಗೂ ಒಂದು ಮಂಚ ಸಿಗುತ್ತದೆ ಎಂದರು. ಪೋಸ್ಟಣ್ಣ ಫೋಟೋ ನೋಡಿದ, ಹೆಂಡತಿಯನ್ನು ನೋಡಿದ, ಸೂರು ನೋಡಿದ. ತನಗೆ ಇಲ್ಲ ಅನ್ನುವ ಬಾಯಿ ಕೊಡದ ದೇವರ ಮೇಲೆ ಅವನಿಗೆ ಬೇಜಾರಾಯಿತು. "ಹೇಗೂ ಮಲಗೇ ಇರಬೇಕಲ್ಲ ಕಣೇ," ಎಂದ ಕೊನೆಗೆ.

ಮಾರನೆಯ ಬೆಳಿಗ್ಗೆ ಕಾಂಪೌಂಡರು ಬಂದು ಹಿಟ್ಟಿನ ಕಟ್ಟು ನೋಡಿ ಗಾಬರಿಯಾದರು. "ಇದು ಬಲಗಾಲು. ಊರೆಲ್ಲ ಎಡಗಾಲು ನೋಡಿದೆ. ಇವತ್ತು ಇದನ್ನ ತೋರಿಸಿದ್ರೆ ಮೋಸ ಅಂತಾರೆ, ಆ ಆಸ್ಪತ್ರೆಗೇ ಕೆಟ್ಟ ಹೆಸರು." ಹೆಡ್‌ಮೇಡಂಗೂ ಅದು ಸರಿಯೆನ್ನಿಸಿತು. ಎಡಗಾಲಿಗೆ ಪಟ್ಟಿ ಕಟ್ಟಿ, ತೊಡೆಯವರೆಗೆ ಸುತ್ತಿ, ಸಲಾಕೆಗೆ ತೂಗುಹಾಕಿದರು. ಗದ್ದ ಬಿಗಿದರು. ಮುರಿದ ಬಲಗಾಲನ್ನು ಯಾರಿಗೂ ಕಾಣದಂತೆ ಒಂದು ದಪ್ಪ ಕಂಬಳಿಯ ಕೆಳಗೆ ಮುಚ್ಚಿದರು.

ಪಕ್ಕದ ಬಡಾವಣೆಗೆ ಹೋಗುವ ದಾರಿಯ ತಿರುವಿನಲ್ಲಿ ಪಿಂಚಣಿ ಅಜ್ಜಿ ಕಾದು ನಿಂತಿದ್ದಳು. ತೂಗುಹಾಕಿದ ಎಡಗಾಲನ್ನು ಮೆತ್ತಗೆ ಸವರಿ, "ಪಾಪ, ಇದಕ್ಕೆ ಎಷ್ಟು ನೋವಿದೆಯೋ," ಎಂದಳು. ಆಮೇಲೆ ನಾಣ್ಯ ಹುಡುಕಲು ತನ್ನ ಕೈಚೀಲವನ್ನೆತ್ತಿ ಕಂಬಳಿಯ ಮೇಲೆ, ಬಲಗಡೆ, ದೊಪ್ಪನೆ ಇಟ್ಟಳು.

ಮುಂದೆ ಗಂಟೆ ಹಿಡಿದು ನಿಂತಿದ್ದ ಹೆಡ್‌ಮೇಡಂ ತಿರುಗಿ ನೋಡಿ ಮೆಚ್ಚುಗೆಯಿಂದ ತಲೆದೂಗಿದರು. "ನೋಡಿ, ಒಂದೇ ದಿನದಲ್ಲಿ ನರಳೋದು ಎಷ್ಟು ಚೆನ್ನಾಗಿ ಕಲಿತುಬಿಟ್ಟ," ಎಂದರು.